‘ಟಿಸಿ ತೆಗೆದುಕೊಂಡು ಹೋಗಿ’ ಎಂದ ಮೇಲೆ: ಪ್ರೌಢಶಾಲೆಯಿಂದ ಹೊರಬಿದ್ದ ಮಗುವಿನ ಓದನ್ನು ಮುಂದುವರಿಸುವ ಸಮಗ್ರ ಮಾರ್ಗದರ್ಶಿ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ‘ಉಚ್ಚಾಟನೆ’ ಎಂಬ ಪದ ಕಾಗದದ ಮೇಲೆ ಕಾಣಿಸುವುದು ಅಪರೂಪ. ಹುಡುಗ ಹೊಡೆದಾಡಿದ, ಮೊಬೈಲ್ ತಂದು ಸಿಕ್ಕಿಬಿದ್ದ, ಮೇಷ್ಟರಿಗೆ ಎದುರುತ್ತರ ಕೊಟ್ಟ ಎಂಬ ಕಾರಣಕ್ಕೆ ಪೋಷಕರನ್ನು ಕರೆಸುತ್ತಾರೆ. ಮುಖ್ಯಶಿಕ್ಷಕರ ಕೊಠಡಿಯಲ್ಲಿ ಅರ್ಧ ಗಂಟೆ ಕೂರಿಸಿ, ‘ನೀವಾಗಿಯೇ ಟಿಸಿ ತೆಗೆದುಕೊಂಡು ಹೋದರೆ ಮಗುವಿನ ಭವಿಷ್ಯಕ್ಕೆ ಒಳ್ಳೆಯದು’ ಎನ್ನುತ್ತಾರೆ. ಅವಮಾನದಿಂದ ತಲೆ ತಗ್ಗಿಸಿದ ತಂದೆ, ಸ್ವಂತ ಇಚ್ಛೆಯಿಂದ ವರ್ಗಾವಣೆ ಪತ್ರ ಕೋರುತ್ತಿದ್ದೇನೆ ಎಂದು ಬರೆದುಕೊಟ್ಟು ಹೊರಬರುತ್ತಾನೆ. ಅಲ್ಲಿಗೆ ಶಾಲೆಯ ದಾಖಲೆಯಲ್ಲಿ ಯಾರೂ ಯಾರನ್ನೂ ಹೊರಹಾಕಿಲ್ಲ. ಆದರೆ ಮಗು ಮನೆಯಲ್ಲಿ ಕುಳಿತಿದೆ.

ಇಂಥ ಮನೆಯವರಿಗಾಗಿ ಬರೆದ ಮಾರ್ಗದರ್ಶಿ ಇದು. ತಪ್ಪು ಯಾರದ್ದು ಎಂಬ ವಿಚಾರಣೆ ಇಲ್ಲಿಲ್ಲ. ಅನೇಕ ಸಲ ತಪ್ಪು ಮಗುವಿನದ್ದೇ ಆಗಿರುತ್ತದೆ. ಆದರೂ ಓದು ನಿಲ್ಲುವುದು ಸಾಮಾನ್ಯವಾಗಿ ಆ ತಪ್ಪಿನಿಂದಲ್ಲ, ಅದರ ನಂತರ ಕಳೆದುಹೋಗುವ ವಾರಗಳಿಂದ. ಹಾಜರಾತಿಯ ಲೆಕ್ಕ, ಪರೀಕ್ಷೆಯ ನೋಂದಣಿ, ದಾಖಲಾತಿಯ ಕೊನೆಯ ದಿನ ಇವು ಯಾರ ಕೋಪ ಇಳಿಯುವವರೆಗೂ ಕಾಯುವುದಿಲ್ಲ. ಆದ್ದರಿಂದ ಇಲ್ಲಿನ ಹೆಜ್ಜೆಗಳನ್ನು ದಿನಗಳ ತುರ್ತಿಗೆ ತಕ್ಕಂತೆ ಜೋಡಿಸಿದ್ದೇನೆ.

ಮೊದಲ ದಿನ: ಸಹಿ ಹಾಕಬೇಡಿ, ಕಾಗದ ಕೇಳಿ

ಶಾಲೆಯವರು ಹೇಳಿದ್ದು ಅಮಾನತೋ, ಶಾಶ್ವತವಾಗಿ ಹೊರಹಾಕುವುದೋ ಎಂಬುದು ಬಾಯಿಮಾತಿನಲ್ಲಿ ಸ್ಪಷ್ಟವಾಗಿರುವುದಿಲ್ಲ. ‘ಸ್ವಲ್ಪ ದಿನ ಕಳಿಸಬೇಡಿ’ ಎಂಬ ಮಾತು ಅತ್ಯಂತ ಅಪಾಯಕಾರಿಯಾದದ್ದು, ಏಕೆಂದರೆ ಅದಕ್ಕೆ ಆರಂಭವೂ ಇಲ್ಲ, ಮುಕ್ತಾಯವೂ ಇಲ್ಲ, ದಾಖಲೆಯಂತೂ ಇಲ್ಲವೇ ಇಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಆ ದಿನಗಳೆಲ್ಲ ಗೈರುಹಾಜರಿಯೆಂದೇ ಬೀಳುತ್ತವೆ. ಅಮಾನತಾದರೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕಾರಣಕ್ಕೆ, ಆ ದಿನಗಳ ಹಾಜರಾತಿಯನ್ನು ಹೇಗೆ ಪರಿಗಣಿಸುತ್ತೀರಿ, ಈ ನಡುವೆ ಬರುವ ಕಿರುಪರೀಕ್ಷೆಗಳ ಗತಿಯೇನು ಎಂಬ ನಾಲ್ಕು ಪ್ರಶ್ನೆಗಳನ್ನು ಒಂದು ಮನವಿಯಲ್ಲಿ ಬರೆದು ಮುಖ್ಯಶಿಕ್ಷಕರಿಗೆ ಕೊಡಿ. ಪ್ರತಿಯ ಮೇಲೆ ಮೊಹರು, ದಿನಾಂಕಗಳುಳ್ಳ ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಕೊಡಲು ಹಿಂದೇಟು ಹಾಕಿದರೆ ಜಗಳಕ್ಕಿಳಿಯದೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಈ ಕಾಗದಗಳಿಗಾಗಿಯೇ ಒಂದು ಫೈಲ್ ಮಾಡಿ. ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲಿ ಅದು ಬೇಕಾಗುತ್ತದೆ.

ಶಾಲೆ ಮುಚ್ಚಳಿಕೆ ಬರೆಸಿಕೊಳ್ಳಲು ಮುಂದಾಗಬಹುದು. ಮುಂದೆ ಹೀಗೆ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕುವುದರಲ್ಲಿ ತಪ್ಪಿಲ್ಲ, ಎಷ್ಟೋ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಆದರೆ ‘ಮತ್ತೆ ದೂರು ಬಂದರೆ ನಾವೇ ಟಿಸಿ ಪಡೆಯುತ್ತೇವೆ’ ಎಂಬ ಸಾಲು ಅದರಲ್ಲಿ ಸೇರಿದ್ದರೆ ಅದನ್ನು ತೆಗೆಸಿ ಸಹಿ ಹಾಕಿ. ಮಗುವಿನಿಂದ ಒಬ್ಬಂಟಿಯಾಗಿ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರೆ, ಅದರ ಪ್ರತಿಯನ್ನು ಕೇಳಿ ಪಡೆಯಿರಿ.

ಎರಡನೆಯ ಹೆಜ್ಜೆ: ಮಗು ಯಾವ ತರಗತಿಯಲ್ಲಿದೆ ಎಂಬುದರ ಮೇಲೆ ಕಾನೂನು ಬದಲಾಗುತ್ತದೆ

ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಎಂದರೆ 8, 9, 10ನೇ ತರಗತಿಗಳು. ಕಾನೂನಿನ ಗೆರೆ ಮಾತ್ರ 8 ಮತ್ತು 9ರ ನಡುವೆ ಬೀಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಪ್ರಕಾರ, ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿ, ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ 5 ಮತ್ತು 8ನೇ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಹೊರಹಾಕುವುದರ ಮೇಲಿನ ನಿಷೇಧ ಮಾತ್ರ ಹಾಗೆಯೇ ಉಳಿಯಿತು. ಈ ಎರಡನ್ನೂ ಕಲಸಿಕೊಂಡು ‘ಕಾನೂನು ಬದಲಾಗಿದೆ’ ಎನ್ನುವ ಆಡಳಿತ ಮಂಡಳಿಗಳಿವೆ, ನಂಬಬೇಡಿ. ದೈಹಿಕ ದಂಡನೆ ಮತ್ತು ಮಾನಸಿಕ ಹಿಂಸೆಯನ್ನು 17ನೇ ಕಲಮು ನಿಷೇಧಿಸುತ್ತದೆ. ಒಂದು ಎಚ್ಚರಿಕೆ: 2014ರ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಹೇಳಿದೆ. ಮಗುವಿನ ಶಾಲೆಗೆ ಆ ಮಾನ್ಯತೆ ಇದೆಯೇ ಎಂದು ಮೊದಲು ತಿಳಿದುಕೊಳ್ಳಿ.

9 ಮತ್ತು 10ನೇ ತರಗತಿಯ ಮಕ್ಕಳಿಗೆ ಈ ರಕ್ಷಣೆ ಇಲ್ಲ. ಅವರಿಗಿರುವುದು ಸಹಜ ನ್ಯಾಯದ ತತ್ವ: ಆರೋಪವೇನೆಂದು ತಿಳಿಸಿ, ಉತ್ತರಿಸಲು ಅವಕಾಶ ಕೊಟ್ಟು, ತಪ್ಪಿಗೆ ತಕ್ಕಷ್ಟೇ ಶಿಕ್ಷೆ ಕೊಡಬೇಕು. ಇದನ್ನು ಮುಂದಿಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒ ಅವರಿಗೆ, ಮನವಿ ಕೊಡಬಹುದು. ಅಲ್ಲಿ ಆಗದಿದ್ದರೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಬಳಿಗೆ ಹೋಗಬಹುದು. ಮಗುವಿಗೆ ಹೊಡೆದಿದ್ದರೆ, ಅವಮಾನಿಸಿದ್ದರೆ, ಜಾತಿ ಅಥವಾ ಅಂಗವೈಕಲ್ಯದ ಕಾರಣಕ್ಕೆ ಹೊರಗಿಟ್ಟಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ನೇರವಾಗಿ ದೂರು ಸಲ್ಲಿಸಬಹುದು. ತುರ್ತಿಗೆ 1098 ಮಕ್ಕಳ ಸಹಾಯವಾಣಿ ಇದೆ. ಕಚೇರಿಗೆ ಕೊಟ್ಟ ಪ್ರತಿಯೊಂದು ಮನವಿಗೂ ಹಿಂಬರಹ, ಅಂದರೆ ಲಿಖಿತ ಉತ್ತರ, ಕೇಳಿ. ಹಿಂಬರಹ ಬಂದರೆ ಮುಂದಿನ ಮೆಟ್ಟಿಲು ಹತ್ತಲು ಆಧಾರವಾಗುತ್ತದೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ದೂರು ಕೊಡುವುದು ಬೇರೆ, ಅದೇ ಶಾಲೆಯಲ್ಲಿ ಕೂರಿಸಲೇಬೇಕೆಂದು ಹಟ ಹಿಡಿಯುವುದು ಬೇರೆ. ಹತ್ತನೆಯ ತರಗತಿಯ ನೋಂದಣಿ ಆಗಿಬಿಟ್ಟಿದ್ದರೆ, ಅಥವಾ ಪರೀಕ್ಷೆಗೆ ಮೂರು ನಾಲ್ಕು ತಿಂಗಳಷ್ಟೇ ಉಳಿದಿದ್ದರೆ ಹಟ ಹಿಡಿಯಿರಿ. ‘ತರಗತಿಗೆ ಬೇಡ, ಪರೀಕ್ಷೆಗೆ ಮಾತ್ರ ಇದೇ ಶಾಲೆಯಿಂದ ಕೂರಲಿ’ ಎಂಬ ರಾಜಿಯಾದರೂ ಆಗಲಿ, ಅದನ್ನು ಬರಹದಲ್ಲಿ ಪಡೆದು ಹಾಜರಾತಿಯ ವಿಷಯವನ್ನೂ ಅದರಲ್ಲೇ ಸೇರಿಸಿ. ಎಸ್‌ಎಸ್‌ಎಲ್‌ಸಿಗೆ ಶೇ. 75 ಹಾಜರಾತಿ ಕಡ್ಡಾಯ ಎಂಬುದನ್ನು ಮರೆಯುವಂತಿಲ್ಲ. ಆದರೆ 8 ಅಥವಾ 9ನೇ ತರಗತಿಯಲ್ಲಿ, ಇಡೀ ಸಿಬ್ಬಂದಿ ಕೊಠಡಿಯೇ ಬೇಡವೆಂದ ಮಗುವನ್ನು ಕಾನೂನಿನ ಬಲದಿಂದ ಹಿಂದಿನ ಬೆಂಚಿನಲ್ಲಿ ಎರಡು ವರ್ಷ ಕೂರಿಸುವುದು ಗೆಲುವೆಂದು ನನಗೆ ಅನಿಸುವುದಿಲ್ಲ.

ಮೂರನೆಯ ಹೆಜ್ಜೆ: ಹತ್ತಿರದ ಸರ್ಕಾರಿ ಪ್ರೌಢಶಾಲೆ

ಖಾಸಗಿ ಶಾಲೆಯಿಂದ ಹೊರಬಿದ್ದ ಮಗುವಿಗೆ ಪೋಷಕರು ಕೊನೆಗೆ ಯೋಚಿಸುವ ದಾರಿ ಇದು; ಮೊದಲು ಯೋಚಿಸಬೇಕಾದದ್ದೂ ಇದೇ. 8ನೇ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಪಡೆಯುವುದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಡಿ ಮಗುವಿನ ಹಕ್ಕು. ಹಳೆಯ ಶಾಲೆ ಟಿಸಿಯನ್ನು ತಕ್ಷಣ ಕೊಡಬೇಕು, ಟಿಸಿ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಬೇಕೆಂದೇ ತಡಮಾಡಿದ ಮುಖ್ಯಸ್ಥರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. 9 ಮತ್ತು 10ನೇ ತರಗತಿಯವರಿಗೆ ಇದು ಹಕ್ಕಿನ ಮಾತಲ್ಲವಾದರೂ, ಮುಖ್ಯಶಿಕ್ಷಕರೊಡನೆ ಮರ್ಯಾದೆಯಿಂದ ಕುಳಿತು ಮಾತಾಡಿದರೆ ಬಹುಪಾಲು ಕಡೆ ದಾರಿಯಾಗುತ್ತದೆ. ದಾಖಲಾತಿಯ ಅವಧಿ ಮುಗಿದಿದ್ದರೆ ಸಾಮಾನ್ಯವಾಗಿ ಅವರು ಬಿಇಒ ಕಚೇರಿಯ ಅನುಮತಿ ತರಲು ಹೇಳುತ್ತಾರೆ. ಆಗ ನಿಮ್ಮ ಫೈಲ್ ಉಪಯೋಗಕ್ಕೆ ಬರುತ್ತದೆ.

ಹೊಸ ಮುಖ್ಯಶಿಕ್ಷಕರಿಗೆ ನಡೆದದ್ದನ್ನು ಹೇಳಬೇಕೇ ಎಂದು ಅನೇಕರು ಕೇಳುತ್ತಾರೆ. ಹೇಳಬೇಕು, ಆದರೆ ಚಿಕ್ಕದಾಗಿ. ಒಂದೇ ತಾಲ್ಲೂಕಿನ ಶಿಕ್ಷಕರು ತರಬೇತಿಗಳಲ್ಲಿ, ಮೌಲ್ಯಮಾಪನದ ಕೇಂದ್ರಗಳಲ್ಲಿ ಒಬ್ಬರಿಗೊಬ್ಬರು ಸಿಗುತ್ತಲೇ ಇರುತ್ತಾರೆ. ನೀವು ಮುಚ್ಚಿಟ್ಟದ್ದು ಹದಿನೈದು ದಿನದಲ್ಲಿ ಬೇರೆ ಬಣ್ಣದಲ್ಲಿ ಅವರಿಗೆ ತಲುಪುತ್ತದೆ.

ಟಿಸಿಯ ವಿಷಯದಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ನಡತೆಯ ಅಂಕಣ. ಅಲ್ಲಿ ಬರೆಯುವ ಒಂದು ಪದ ಹೊಸ ಶಾಲೆಯ ಬಾಗಿಲನ್ನು ಮುಚ್ಚಬಲ್ಲುದು, ಆದ್ದರಿಂದ ಟಿಸಿಯನ್ನು ಕೈಗೆ ಪಡೆದು ಮನೆಗೆ ಹೊರಡುವ ಮೊದಲೇ ಅಲ್ಲಿಯೇ ನಿಂತು ಓದಿ, ‘ತೃಪ್ತಿಕರ’ ಎಂದಾದರೂ ಬರೆಯುವಂತೆ ಕೋರಿಕೊಳ್ಳಿ. ಸ್ವಇಚ್ಛೆಯಿಂದ ಹೋಗುವಂತೆ ಒತ್ತಾಯಿಸುವ ಶಾಲೆಯೊಡನೆ ನಿಮಗಿರುವ ಚೌಕಾಶಿಯ ಬಲ ಇದೊಂದೇ: ಟಿಸಿಗೆ ಅರ್ಜಿ ಕೊಡುವುದೇ ಆದರೆ, ನಡತೆಯ ಅಂಕಣ, ಬಾಕಿ ಶುಲ್ಕ, ಅಂಕಗಳ ವಿವರ ಇವೆಲ್ಲ ಇತ್ಯರ್ಥವಾದ ಮೇಲೆಯೇ ಕೊಡಿ. ಇನ್ನೊಂದು, ವಿದ್ಯಾರ್ಥಿಗಳ ದಾಖಲೆಗಳನ್ನು ಇಡುವ ಸ್ಯಾಟ್ಸ್ ತಂತ್ರಾಂಶ. ಕರ್ನಾಟಕದಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಸ್ಯಾಟ್ಸ್ ಸಂಖ್ಯೆ ಇದೆ. ಹಳೆಯ ಶಾಲೆ ಕಾಗದದ ಟಿಸಿ ಕೊಟ್ಟು, ತಂತ್ರಾಂಶದಲ್ಲಿ ಮಗುವಿನ ಹೆಸರನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯಲ್ಲಿ ಮಗು ಬೆಂಚಿನ ಮೇಲೆ ಇರುತ್ತದೆ, ದಾಖಲೆಯಲ್ಲಿ ಇರುವುದಿಲ್ಲ. ಹತ್ತನೆಯ ತರಗತಿಯ ನೋಂದಣಿಯ ಹೊತ್ತಿಗೆ ಇದು ಬಯಲಾದರೆ ಓಡಾಟ ತಪ್ಪಿದ್ದಲ್ಲ. ಸೇರಿದ ವಾರದಲ್ಲೇ ಹೊಸ ಶಾಲೆಯವರನ್ನು ಕೇಳಿ, ಹೆಸರು ಬಂದಿದೆಯೇ ಎಂದು ಕಂಪ್ಯೂಟರಿನಲ್ಲಿ ತೋರಿಸಿಕೊಳ್ಳಿ.

ಸಿಬಿಎಸ್‌ಇ ಶಾಲೆಯಿಂದ ಹೊರಬಂದ ಮಕ್ಕಳ ಪರಿಸ್ಥಿತಿ ಸ್ವಲ್ಪ ಬಿಗಿಯಾದದ್ದು. ಆ ಮಂಡಳಿ 9 ಮತ್ತು 10ನ್ನು ಸೇರಿಸಿ ಒಂದೇ ಘಟ್ಟವಾಗಿ ನೋಡುತ್ತದೆ, 9ರಲ್ಲೇ ನೋಂದಣಿ ಮಾಡುತ್ತದೆ, ನಡುವೆ ಇನ್ನೊಂದು ಶಾಲೆಯ 10ಕ್ಕೆ ಹೋಗಲು ಮಂಡಳಿಯ ಅನುಮತಿ ಬೇಕು. ರಾಜ್ಯ ಪಠ್ಯಕ್ರಮಕ್ಕೆ ಬದಲಾಗುವುದಾದರೆ 9ರ ಆರಂಭದಲ್ಲೇ ಬದಲಾಗುವುದು ಕ್ಷೇಮ, ಮತ್ತು ಯಾವ ಭಾಷೆಗಳನ್ನು ಆರಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಮೊದಲೇ ಕೇಳಬೇಕು. ಕನ್ನಡವನ್ನು ಹೆಸರಿಗಷ್ಟೇ ಓದಿದ ಮಗುವಿಗೆ ಲೆಕ್ಕ, ವಿಜ್ಞಾನಗಳಿಗಿಂತ ಭಾಷೆಯೇ ತೊಡಕಾಗಬಹುದು.

ನಾಲ್ಕನೆಯ ಹೆಜ್ಜೆ: ಶಾಲೆಯಿಲ್ಲದೆ ಹತ್ತನೆಯ ತರಗತಿ

ಯಾವ ಶಾಲೆಯೂ ಸೇರಿಸಿಕೊಳ್ಳದಿದ್ದರೆ, ಅಥವಾ ಮಗು ಶಾಲೆಯ ಗೇಟನ್ನು ನೋಡಿದರೇ ಬೆವರುವ ಸ್ಥಿತಿಯಲ್ಲಿದ್ದರೆ ಎರಡು ಮಾನ್ಯ ದಾರಿಗಳಿವೆ.

ಮೊದಲನೆಯದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಮಂಡಳಿ ಪ್ರತಿ ವರ್ಷ ಇದಕ್ಕೆ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತದೆ, ವಯಸ್ಸಿನ ಷರತ್ತು ಅದರಲ್ಲೇ ಇರುತ್ತದೆ. ನೋಂದಣಿಯ ದಿನಾಂಕ ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ, ಆದ್ದರಿಂದ ‘ಮಾರ್ಚಿಯಲ್ಲಿ ನೋಡಿದರಾಯಿತು’ ಎನ್ನುವವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. ಶಾಲೆಯ ವಿದ್ಯಾರ್ಥಿಗೂ ಖಾಸಗಿ ಅಭ್ಯರ್ಥಿಗೂ ಇರುವ ದೊಡ್ಡ ವ್ಯತ್ಯಾಸ ಅಂಕಗಳಲ್ಲಿದೆ. ಶಾಲೆಯ ವಿದ್ಯಾರ್ಥಿಗೆ ಗಣಿತ, ವಿಜ್ಞಾನದಂಥ ವಿಷಯಗಳಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನದಿಂದ ಬರುತ್ತದೆ, 80ಕ್ಕೆ ಪರೀಕ್ಷೆ. ಖಾಸಗಿ ಅಭ್ಯರ್ಥಿಗೆ ಆ ಆಸರೆ ಇಲ್ಲ. ಆತ ಪೂರ್ತಿ 100 ಅಂಕಕ್ಕೆ ಬರೆಯಬೇಕು. ಇದಕ್ಕೆ ಪ್ರತಿಯಾಗಿ ಒಂದು ಅನುಕೂಲವೂ ಇದೆ: ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿರುವುದರಿಂದ ಒಂದು ವಿಷಯದಲ್ಲಿ ಎಡವಿದವರು ಇಡೀ ವರ್ಷ ಕಾಯಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ, ಪಠ್ಯಪುಸ್ತಕ ಈಗಾಗಲೇ ಕೈಯಲ್ಲಿರುವ, ಓದಿನಲ್ಲಿ ತೀರಾ ಹಿಂದೆ ಬೀಳದ ಮಗುವಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಎರಡನೆಯದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಜನರ ಬಾಯಲ್ಲಿ ಎನ್‌ಐಒಎಸ್. 1989ರಲ್ಲಿ ಆರಂಭವಾದ, ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ಈ ಸಂಸ್ಥೆ ಸ್ವತಃ ಒಂದು ಪರೀಕ್ಷಾ ಮಂಡಳಿ. ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಹತ್ತನೆಯ ತರಗತಿಗೆ ಸಮಾನವಾದ ಸೆಕೆಂಡರಿ ಕೋರ್ಸಿಗೆ ಸೇರಲು 14 ವರ್ಷ ತುಂಬಿರಬೇಕು. 8ನೇ ತರಗತಿಯ ದಾಖಲೆ ಇಲ್ಲದಿದ್ದರೂ, ಕೋರ್ಸನ್ನು ಓದುವಷ್ಟು ತಿಳಿವಳಿಕೆ ಇದೆ ಎಂಬ ಸ್ವಯಂ ಘೋಷಣೆಯನ್ನು ಒಪ್ಪುತ್ತಾರೆ. ಟಿಸಿಯ ಕಗ್ಗಂಟಿನಲ್ಲಿ ಸಿಕ್ಕಿಬಿದ್ದವರಿಗೆ ಇದು ದೊಡ್ಡ ಬಿಡುಗಡೆ. ಕನಿಷ್ಠ ಐದು ವಿಷಯ ಆರಿಸಿಕೊಳ್ಳಬೇಕು, ಅವುಗಳಲ್ಲಿ ಒಂದಾದರೂ ಭಾಷೆಯಾಗಿರಬೇಕು, ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ದಾಖಲಾತಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಆ ಅವಧಿಯಲ್ಲಿ ಒಂಬತ್ತು ಅವಕಾಶಗಳಿವೆ, ಎಲ್ಲ ವಿಷಯವನ್ನೂ ಒಮ್ಮೆಲೇ ಬರೆಯಬೇಕೆಂಬ ಒತ್ತಾಯವಿಲ್ಲ. ಸಾರ್ವಜನಿಕ ಪರೀಕ್ಷೆಗಳು ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ನಡೆಯುತ್ತವೆ. ಬೇರೆ ಮಂಡಳಿಯ ಪರೀಕ್ಷೆಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕಗಳನ್ನು ವರ್ಗಾಯಿಸಿಕೊಳ್ಳಲೂ ಬರುತ್ತದೆ.

ವಿಷಯಗಳ ಆಯ್ಕೆಯಲ್ಲಿ ಮುಂದಿನ ಓದನ್ನು ನೋಡಿಕೊಳ್ಳಬೇಕು. ಸುಲಭವೆಂದು ಗಣಿತ, ವಿಜ್ಞಾನಗಳನ್ನು ಬಿಟ್ಟು ಐದು ವಿಷಯ ಮುಗಿಸಿದ ಹುಡುಗ ಆಮೇಲೆ ಡಿಪ್ಲೊಮಾ ಓದಬೇಕೆಂದರೆ ಬಾಗಿಲು ತೆರೆಯುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳು ತಮ್ಮ ಪ್ರತಿಯೊಂದು ವಿಷಯದ ಪಠ್ಯಸಾಮಗ್ರಿ, ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಸಿಗುತ್ತದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಪ್ರಾದೇಶಿಕ ಕೇಂದ್ರದಿಂದ ಖಚಿತಪಡಿಸಿಕೊಳ್ಳಬೇಕು. ಅಧ್ಯಯನ ಕೇಂದ್ರದ ಸಂಪರ್ಕ ತರಗತಿಗಳಿಗೆ ಹೋಗುವುದು, ಬರೆದು ಸಲ್ಲಿಸಬೇಕಾದ ನಿಯೋಜನೆಗಳನ್ನು ಕಾಲಕ್ಕೆ ಕೊಡುವುದು ಇವೆರಡನ್ನು ಬಿಟ್ಟವರೇ ಹೆಚ್ಚಾಗಿ ಹಿಂದೆ ಬೀಳುತ್ತಾರೆ.

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಒಂದೇ ತಿಂಗಳಲ್ಲಿ ನೇರ ಎಸ್‌ಎಸ್‌ಎಲ್‌ಸಿ, ಪಾಸ್ ಗ್ಯಾರಂಟಿ’ ಎಂಬ ಚೀಟಿಗಳನ್ನು ಕಂಡಿರುತ್ತೀರಿ. ಇವುಗಳಲ್ಲಿ ಕೆಲವು ನಿಜವಾದ ಟ್ಯುಟೋರಿಯಲ್‌ಗಳೇ, ಖಾಸಗಿ ಅಭ್ಯರ್ಥಿಗಳಿಗೆ ಪಾಠ ಹೇಳುತ್ತವೆ. ಕೆಲವು, ದೇಶದ ಇನ್ಯಾವುದೋ ಮೂಲೆಯಲ್ಲಿ ಹೆಸರಿಗಷ್ಟೇ ಇರುವ ‘ಮಂಡಳಿ’ಯ ಅಂಕಪಟ್ಟಿ ಮಾರುತ್ತವೆ. ಶುಲ್ಕವನ್ನು ಮಂಡಳಿಯ ಅಧಿಕೃತ ಜಾಲತಾಣದಲ್ಲಿ ನೀವೇ ಕಟ್ಟಬಹುದೇ, ನೋಂದಣಿ ಸಂಖ್ಯೆ ನಿಮ್ಮ ಮೊಬೈಲಿಗೆ ಬರುತ್ತದೆಯೇ, ಪರೀಕ್ಷೆಯನ್ನು ಮಗು ಸ್ವತಃ ಕೇಂದ್ರಕ್ಕೆ ಹೋಗಿ ಬರೆಯುತ್ತದೆಯೇ ಎಂದು ಕೇಳಿ. ಈ ಮೂರರಲ್ಲಿ ಒಂದಕ್ಕೆ ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂಬ ಉತ್ತರ ಬಂದರೂ ಎದ್ದು ಬನ್ನಿ.

ಕೈಗೆಲಸದ ದಾರಿ

ಐಟಿಐನ ಕೆಲವು ಟ್ರೇಡ್‌ಗಳಿಗೆ 8ನೇ ತರಗತಿ ಪಾಸಾಗಿದ್ದರೆ ಸಾಕು. ವೆಲ್ಡರ್, ವೈರ್‌ಮನ್, ಪ್ಲಂಬರ್, ಕಾರ್ಪೆಂಟರ್, ಹೊಲಿಗೆ ತಂತ್ರಜ್ಞಾನ ಇವು ಅಂಥವು. ಕನಿಷ್ಠ ವಯಸ್ಸು 14. ಪುಸ್ತಕ ಕಂಡರೆ ಸಿಡುಕುವ, ಆದರೆ ಹಳೆಯ ಬೈಕ್ ಸಿಕ್ಕರೆ ಊಟ ಮರೆಯುವ ಹುಡುಗರು ಇಲ್ಲಿ ನೆಟ್ಟಗಾದದ್ದನ್ನು ಕಂಡಿದ್ದೇನೆ. ಆದರೂ ಹತ್ತನೆಯ ತರಗತಿಯನ್ನು ಜೊತೆಯಲ್ಲೇ ಎನ್‌ಐಒಎಸ್ ಮೂಲಕ ಮುಗಿಸುವಂತೆ ನೋಡಿಕೊಳ್ಳಿ, ಏಕೆಂದರೆ ಪಾಲಿಟೆಕ್ನಿಕ್ಕಿಗೂ ಹೆಚ್ಚಿನ ಸರ್ಕಾರಿ ನೌಕರಿಗಳಿಗೂ ಎಸ್‌ಎಸ್‌ಎಲ್‌ಸಿ ಅಥವಾ ಅದಕ್ಕೆ ಸಮಾನವಾದದ್ದು ಬೇಕೇ ಬೇಕು.

ಇದರ ಬದಲು ‘ಎರಡು ವರ್ಷ ಮಾವನ ಗ್ಯಾರೇಜಿನಲ್ಲಿ ಇರಲಿ’ ಎಂಬ ತೀರ್ಮಾನ ಬೇಡ. 14ರ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಅಪರಾಧ, 14ರಿಂದ 18ರವರೆಗೆ ಅಪಾಯಕಾರಿ ಕೆಲಸಗಳಿಗೆ ನಿಷೇಧವಿದೆ.

ಪೊಲೀಸ್ ಪ್ರಕರಣವಿದ್ದರೆ

ಹೊಡೆದಾಟ ಠಾಣೆಯವರೆಗೆ ಹೋಗಿದ್ದರೆ ಪೋಷಕರ ಧೈರ್ಯ ಪೂರ್ತಿ ಕುಸಿಯುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಮಗುವಿನ ಹೆಸರು, ವಿಳಾಸ, ಶಾಲೆ ಇವನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವಂತಿಲ್ಲ. ಪ್ರಕರಣ ಮುಗಿದ ಮೇಲೆ ನಡತೆ ಪ್ರಮಾಣಪತ್ರಕ್ಕೆಂದು ಪೊಲೀಸರು ಆ ದಾಖಲೆಯನ್ನು ಕೊಡುವಂತಿಲ್ಲ. ಪ್ರಕರಣ ನಡೆಯುತ್ತಿರುವಾಗ ಬಾಲನ್ಯಾಯ ಮಂಡಳಿಯ ಮುಂದೆ, ಓದು ಮುಂದುವರಿಸಲು ನೆರವಾಗುವ ಆದೇಶ ಬೇಕೆಂದು ವಕೀಲರ ಮೂಲಕ ಕೇಳಿಕೊಳ್ಳಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ; ಮಕ್ಕಳಿಗೆ ಅದಕ್ಕೆ ಆದಾಯದ ಮಿತಿಯಿಲ್ಲ.

ಈ ನಡುವಿನ ದಿನಗಳಲ್ಲಿ ಮನೆಯೊಳಗೆ

ಕಾಗದಪತ್ರದ ಓಡಾಟದಲ್ಲಿ ಮರೆತೇಹೋಗುವ ವ್ಯಕ್ತಿ ಎಂದರೆ ಮಗು. ಬೆಳಿಗ್ಗೆ ಏಳುವ ಹೊತ್ತು ಶಾಲೆಯ ದಿನಗಳದ್ದೇ ಇರಲಿ. ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದಲ್ಲೋ, ಓದಿಸಬಲ್ಲ ಚಿಕ್ಕಪ್ಪ, ಅತ್ತಿಗೆಯ ಮನೆಯಲ್ಲೋ ದಿನಕ್ಕೆ ಮೂರು ಗಂಟೆ ಓದು ನಡೆಯಲಿ. ಬೀದಿಯವರ ಮುಂದೆ, ಮದುವೆ ಮನೆಗಳಲ್ಲಿ ‘ಇವನನ್ನು ಶಾಲೆಯಿಂದ ಓಡಿಸಿದರು’ ಎಂದು ಹೇಳಿಕೊಂಡು ಹಗುರಾಗುವ ಅಭ್ಯಾಸ ಕೆಲವು ತಂದೆಯರಿಗಿದೆ, ಅದನ್ನು ನಿಲ್ಲಿಸಿ.

ಹಾಗೆಯೇ ಒಂದು ತಪಾಸಣೆ ಮಾಡಿಸಿ. ಪಾಠ ನಡೆಯುವಾಗ ಕೂರಲಾಗದೆ ಎದ್ದು ಓಡಾಡುವ, ಓದಲು ಹೇಳಿದರೆ ಜಗಳ ತೆಗೆಯುವ ಮಕ್ಕಳಲ್ಲಿ ಕೆಲವರಿಗೆ ಅಕ್ಷರ ಗುರುತಿಸುವುದೇ ಕಷ್ಟವಾಗಿರುತ್ತದೆ, ಕೆಲವರಿಗೆ ಗಮನ ನಿಲ್ಲಿಸುವ ತೊಂದರೆ ಇರುತ್ತದೆ. ಅದನ್ನು ಯಾರೂ ಪತ್ತೆ ಮಾಡದೆ ಹಟಮಾರಿತನವೆಂದು ಬರೆದಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ, ಜಿಲ್ಲಾಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗಗಳಿವೆ, 14416 ಟೆಲಿ ಮಾನಸ್ ಸಹಾಯವಾಣಿಗೆ ಕನ್ನಡದಲ್ಲೇ ಮಾತಾಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಳಗೊಂಡಿದೆ. ಪ್ರಮಾಣಪತ್ರ ಸಿಕ್ಕರೆ ಎಸ್‌ಎಸ್‌ಎಲ್‌ಸಿಯಲ್ಲೂ ಎನ್‌ಐಒಎಸ್‌ನಲ್ಲೂ ಹೆಚ್ಚುವರಿ ಸಮಯ, ಬರೆಯುವ ಸಹಾಯಕರಂಥ ರಿಯಾಯಿತಿ ಕೇಳಬಹುದು. ಈ ಪ್ರಮಾಣಪತ್ರಕ್ಕೆ ತಿಂಗಳುಗಳೇ ಹಿಡಿಯುವುದರಿಂದ ನೋಂದಣಿಯವರೆಗೆ ಕಾಯದೆ ಈಗಲೇ ಸಮಯ ನಿಗದಿ ಮಾಡಿಸಿಕೊಳ್ಳಿ.

ಹತ್ತು ಮುಗಿದ ಮೇಲೆ

ಪಿಯುಸಿಗೆ ಸೇರಿಸುವಾಗ ಎನ್‌ಐಒಎಸ್‌ನಿಂದ ಬಂದವರು ಅಂಕಪಟ್ಟಿಯ ಜೊತೆಗೆ ಆ ಸಂಸ್ಥೆ ಕೊಡುವ ವಲಸೆ ಮತ್ತು ವರ್ಗಾವಣೆ ಪ್ರಮಾಣಪತ್ರವನ್ನು ಒಯ್ಯಬೇಕು. ಫಲಿತಾಂಶ ಪ್ರವೇಶದ ದಿನಾಂಕಗಳಿಗೆ ತಾಳೆಯಾಗುತ್ತದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ಒಂದು ತಿಂಗಳು ಮೊದಲೇ ವಿಚಾರಿಸಿ. ಅಕ್ಟೋಬರ್ ಪರೀಕ್ಷೆ ಬರೆದವರ ಫಲಿತಾಂಶ ಬರುವಾಗ ಆ ವರ್ಷದ ಪ್ರವೇಶ ಮುಗಿದಿರುತ್ತದೆ, ಆದ್ದರಿಂದ ಪಿಯುಸಿಯ ಗುರಿ ಇದ್ದವರು ಏಪ್ರಿಲ್ ಪರೀಕ್ಷೆಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಹಳೆಯ ಶಾಲೆಯ ಟಿಸಿಯನ್ನೇ ಕಾಲೇಜು ಕೇಳಬಹುದು. ಮೊದಲ ದಿನ ಮಾಡಿಟ್ಟ ಫೈಲಿನಲ್ಲಿ ಅದರ ಮೂಲ ಪ್ರತಿ ಇರಲಿ, ಮತ್ತು ಒಂದೆರಡು ಜೆರಾಕ್ಸ್‌ಗಳನ್ನು ಈಗಲೇ ತೆಗೆದಿಡಿ.